ಮೊರಿತಮ್ಮನೂ ನಮ್ಮ ಇಡ್ಲಿ ಹಿಟ್ಟೂ

ಒಂದು ಊರು ಅಂದಮೇಲೆ ಅಲ್ಲೊಂದು ಅಂಗಡಿ ಇರುತ್ತದೆ, ಮನೆಯಲ್ಲಿ ನಲ್ಲಿ ಇರುತ್ತದೆ, ಪಕ್ಕದಲ್ಲಿ ಇನ್ನೊಂದು ಮನೆ ಇರುತ್ತದೆ. ಇಷ್ಟಿದ್ದರೆ ನಾನು ಎಲ್ಲಿ ಬೇಕಾದರೂ ಸಂಸಾರ ಮಾಡಬಲ್ಲೆ ಎಂಬುದು ನನ್ನ ನಂಬಿಕೆಯಾಗಿತ್ತು. ಸೊರಬದಲ್ಲಿ ಹುಟ್ಟಿ, ಶಿಕಾರಿಪುರಕ್ಕೆ ಸೊಸೆಯಾಗಿ ಬಂದು, ಹಾಲಿನವನಿಂದ ಹಿಡಿದು ಗಿರಣಿಯವನ ತನಕ ಎಲ್ಲರನ್ನೂ ಹದಕ್ಕೆ ತಂದವಳು ನಾನು. ಸೊರಬಕ್ಕೂ ಶಿಕಾರಿಪುರಕ್ಕೂ ಮಾತಿನ ಧಾಟಿಯೇ ಬೇರೆ. ಅದನ್ನೇ ಸುಧಾರಿಸಿಕೊಂಡವಳಿಗೆ ಜಪಾನ್ ಏನು ಮಹಾ?

ಹೀಗೆ ಅಂದುಕೊಂಡೇ ವಿಮಾನ ಹತ್ತಿದೆ.

ಹೋಗಬೇಕಾಗಿ ಬಂದದ್ದು ನಮ್ಮವರ ದೆಸೆಯಿಂದ. ನಮ್ಮವರು ಶಿಕಾರಿಪುರದಲ್ಲಿ ಭತ್ತದ ನಾಟಿ ಯಂತ್ರಗಳನ್ನು ರಿಪೇರಿ ಮಾಡುತ್ತಾರೆ. ಕೆಟ್ಟು ಕೂತ ಯಂತ್ರದ ಹೊಟ್ಟೆಗೆ ಕಿವಿ ಇಟ್ಟು ಕೇಳಿ, ಏನಾಗಿದೆ ಅಂತ ಹೇಳುತ್ತಾರೆ. ಹೆಂಡತಿ ಹೇಳಿದ್ದು ಮಾತ್ರ ಆ ಕಿವಿಗೆ ಕೇಳುವುದಿಲ್ಲ, ಅದು ಬೇರೆ ವಿಷಯ. ಯಂತ್ರ ಮಾಡುವ ಜಪಾನಿನ ಕಂಪನಿಯವರು, ಒಂದು ವರ್ಷ ನಮ್ಮ ಕಾರ್ಖಾನೆಯಲ್ಲೇ ಇದ್ದು ಕಲಿಯಿರಿ, ಬೇಕಾದರೆ ಹೆಂಡತಿಯನ್ನೂ ಕರೆತನ್ನಿ ಎಂದರಂತೆ. ಆ "ಬೇಕಾದರೆ" ಎಂಬ ಮಾತನ್ನು ನಮ್ಮವರು ಮನೆಯಲ್ಲಿ ಹೇಳಲಿಲ್ಲ. ಧೈರ್ಯ ಸಾಲಲಿಲ್ಲ.

ಹೊರಡುವ ಹಿಂದಿನ ದಿನ ಓಣಿಯ ಹೆಂಗಸರೆಲ್ಲ ಬಂದು ಉಡಿ ತುಂಬಿದರು. ಎದುರು ಮನೆ ಕಮಲಮ್ಮ ಅಕ್ಕಿ ಬೆಲ್ಲ ಹಾಕುತ್ತಾ ಹಾಕುತ್ತಾ ಕೈ ನಿಲ್ಲಿಸಿ ಕೇಳಿದರು.

"ಒಂದ್ ವರ್ಷ ಇರ್ತೀರೇನ್ರೀ ಗಿರಿಜಕ್ಕ?"

"ಇರ್ದೆ ಏನ್ರೀ?"

"ತೊಗರ್ಸಿಗೆ ದೇವಸ್ಥಾನಕ್ಕೆ ಹೋದ್ರೆ, ಗ್ಯಾಸ್ ಆಫ್ ಮಾಡಿದ್ನೋ ಇಲ್ವೋ ಅಂತ ಮಂಗಳಾರತಿ ಮುಗಿಯೋದ್ರೊಳಗೆ ಬಸ್ ಹತ್ತಿ ಬರೋರು ನೀವು. ಮೂರು ತಿಂಗಳು. ನೋಡ್ತಿರಿ, ಮೂರು ತಿಂಗಳಿಗೆ ಬಂದು ಇದೇ ಕಟ್ಟೆ ಮೇಲೆ ಕೂತಿರ್ತೀರಿ."

ಉಳಿದ ಹೆಂಗಸರೆಲ್ಲ ನಕ್ಕರು. ಉಡಿಯಲ್ಲಿ ಅಕ್ಕಿ ಇಟ್ಟುಕೊಂಡು ಜಗಳ ಆಡಬಾರದು. ಆದರೆ ಮನಸ್ಸಿನಲ್ಲೇ ಅಂದುಕೊಂಡೆ: ವರ್ಷ ಅಂದರೆ ವರ್ಷ. ಒಂದು ದಿನ ಕಮ್ಮಿ ಆಗಬಾರದು.

ನಾವು ಹೋದದ್ದು ಬೆಟ್ಟದ ಬುಡದ ಸಣ್ಣ ಊರಿಗೆ. ಸುತ್ತ ಕೊಯ್ದ ಭತ್ತದ ಗದ್ದೆ, ಗದ್ದೆಯಲ್ಲಿ ಕೂಳೆ. ಬಸ್ಸಿನ ಕಿಟಕಿಯಿಂದ ಅದನ್ನು ನೋಡಿ ಬಳ್ಳಿಗಾವಿ ಕಡೆ ಹೊರಟ ಹಾಗೇ ಅನ್ನಿಸಿ ನನಗೆ ಭಾರೀ ಸಮಾಧಾನವಾಯಿತು. ಇಳಿದ ಮೇಲೆ ಚಳಿ ಮುಟ್ಟಿತು. ಸಮಾಧಾನ ಅಲ್ಲಿಗೆ ಮುಗಿಯಿತು.

ಮನೆ ಹಳೆಯದು, ಮರದ್ದು. ಒಡತಿ ಪಕ್ಕದ ಮನೆಯಲ್ಲೇ ಇದ್ದ ಎಪ್ಪತ್ತು ದಾಟಿದ ಹೆಂಗಸು, ಹೆಸರು ಮೊರಿತಾ. ಅಲ್ಲಿ ಹೆಸರಿನ ಕೊನೆಗೆ "ಸಾನ್" ಅಂತ ಸೇರಿಸಿ ಕರೆಯಬೇಕು. ನನ್ನ ಬಾಯಲ್ಲಿ ಎರಡನೇ ದಿನಕ್ಕೇ ಅವರು ಮೊರಿತಮ್ಮ ಆದರು. ನಮ್ಮಲ್ಲಿ "ಅಮ್ಮ" ಅನ್ನಿಸಿಕೊಂಡು ಬೇಜಾರಾದವರನ್ನು ನಾನು ನೋಡಿಲ್ಲ.

ಮೊರಿತಮ್ಮ ಅದುವರೆಗೆ ಹೊರದೇಶದವರಿಗೆ ಮನೆ ಕೊಟ್ಟವರಲ್ಲ. ನಮ್ಮವರ ಕಾರ್ಖಾನೆಯವರು ಹೋಗಿ ಕೇಳಿಕೊಂಡ ಮೇಲೆ ಒಂದು ಷರತ್ತು ಹಾಕಿದರು. ಮೂರು ತಿಂಗಳು ನೋಡುತ್ತೇನೆ, ಸರಿ ಕಂಡರೆ ವರ್ಷ ಪೂರ್ತಿ ಇರಲಿ, ಇಲ್ಲದಿದ್ದರೆ ಬಿಡಲಿ. ಬಿಡಿಸಿದರೆ ನಮ್ಮವರಿಗೆ ಕಂಪನಿಯ ಹಾಸ್ಟೆಲ್ ಇತ್ತು. ಅಲ್ಲಿ ಗಂಡಸರಿಗೆ ಮಾತ್ರ ಜಾಗ. ನನಗೆ ಜಾಗ ಇದ್ದದ್ದು ಶಿಕಾರಿಪುರದಲ್ಲಿ, ಕಮಲಮ್ಮನ ಎದುರಿಗೆ.

ಮೂರು ತಿಂಗಳು! ಕಮಲಮ್ಮ ಇಲ್ಲಿಗೂ ಫೋನ್ ಮಾಡಿ ಹೇಳಿಕೊಟ್ಟ ಹಾಗಿತ್ತು.

ಮೊದಲ ದಿನವೇ ಮೊರಿತಮ್ಮ ಮನೆಯೊಳಗೆ ಕರೆದುಕೊಂಡು ಹೋಗಿ ನೆಲ ತೋರಿಸಿದರು. ನೆಲಕ್ಕೆಲ್ಲ ದಪ್ಪನೆಯ ಹುಲ್ಲಿನ ಹಾಸು. ತತಾಮಿ ಅನ್ನುತ್ತಾರೆ. ನಮ್ಮ ಚಾಪೆಯ ಹಾಗೆ ಸುತ್ತಿ ಮೂಲೆಗೆ ನಿಲ್ಲಿಸುವಂಥದ್ದಲ್ಲ, ಮನೆಗೆ ಜಡಿದದ್ದು. ಅವರು ಲೋಟದಿಂದ ನೀರು ಚೆಲ್ಲಿದ ಹಾಗೆ ಅಭಿನಯಿಸಿ, ಎರಡೂ ಕೈಗಳನ್ನು ಎದೆಯ ಮುಂದೆ ಕತ್ತರಿಯ ಹಾಗೆ ಅಡ್ಡ ಹಿಡಿದರು. ಚೆಲ್ಲಬಾರದು. ಅರ್ಥವಾಯಿತು ಅಂತ ನಾನು ತಲೆಯನ್ನು ಆ ಕಡೆ ಈ ಕಡೆ ಆಡಿಸಿದೆ. ಅವರು ಮತ್ತೊಮ್ಮೆ ನೀರು ಚೆಲ್ಲಿ ತೋರಿಸಿದರು. ನಾನು ಇನ್ನೂ ಜೋರಾಗಿ ಆಡಿಸಿದೆ. ಅವರು ಯಾಕೋ ಚಿಂತೆಯಲ್ಲೇ ಹೋದರು.

ಹಾಗೂ ಹೀಗೂ ಸಂಸಾರ ಹೂಡಿದೆ. ಶಿಕಾರಿಪುರದಿಂದ ಹೊತ್ತು ತಂದ ಮಿಕ್ಸಿ ಅಲ್ಲಿಯ ಕರೆಂಟಿಗೆ ಜ್ವರ ಬಂದವರ ಹಾಗೆ ನಿಧಾನ ತಿರುಗಿತು. ನಮ್ಮವರು ಕಾರ್ಖಾನೆಯಿಂದ ಒಂದು ಟ್ರಾನ್ಸ್‌ಫಾರ್ಮರ್ ಕೇಳಿ ತಂದರು. ಅದು ಮಿಕ್ಸಿಗಿಂತ ದೊಡ್ಡದಿತ್ತು. ಅಂಗಡಿಗೆ ಹೋದರೆ ಉಪ್ಪಿನ ಪ್ಯಾಕೆಟ್ಟೂ ಸಕ್ಕರೆ ಪ್ಯಾಕೆಟ್ಟೂ ಅವಳಿ ಜವಳಿ. ಒಂದು ವಾರ ಸಿಹಿ ಸಾರು ಉಂಡೆವು. ನಮ್ಮವರು ಕಾರ್ಖಾನೆಯಲ್ಲಿ ಜಪಾನಿ ಮಾತು ಕಲಿಯತೊಡಗಿದರು. ಬೋಲ್ಟು, ಎಣ್ಣೆ, ಸೋರಿಕೆ, ಬಿಸಿ, ನಿಲ್ಲಿಸಿ, ತಪಾಸಣೆ. ಇಷ್ಟರಲ್ಲೇ ಲೋಕವ್ಯವಹಾರವನ್ನೆಲ್ಲ ನಡೆಸುತ್ತಿದ್ದರು. ನನಗೆ ಅದೂ ಇಲ್ಲ. ಅವರು ಕೆಲಸಕ್ಕೆ ಹೋದ ಮೇಲೆ ನಾನು, ಗೋಡೆ, ಗೋಡೆಯ ಆಚೆ ಮೊರಿತಮ್ಮ.

ಬೆಳಿಗ್ಗೆ ಬೆಳಿಗ್ಗೆ ಮೊರಿತಮ್ಮ ಪೊರಕೆ ಹಿಡಿದು ತಮ್ಮ ಮನೆ ಮುಂದಿನ ದಾರಿಯನ್ನು ಗುಡಿಸುತ್ತಿದ್ದರು. ಅದನ್ನು ಕಂಡು ನನಗೆ ಹುರುಪು ಬಂತು. ಮಾತು ಬರದಿದ್ದರೇನು, ಪೊರಕೆ ಬರುತ್ತದಲ್ಲ. ನಾನೂ ಗುಡಿಸಿದೆ. ಗುಡಿಸಿದ ಮೇಲೆ ನೀರು ಹಾಕದೆ ಬಿಡುವುದು ಹೇಗೆ? ಮದುವೆಯಾದಂದಿನಿಂದ ಬಾಗಿಲಿಗೆ ನೀರು ಹಾಕದೆ ಕಾಫಿ ಕುಡಿದವಳಲ್ಲ. ಬಕೆಟ್ ತಂದು ನಮ್ಮ ಬಾಗಿಲಿಗೂ, ದೊಡ್ಡ ಮನಸ್ಸು ಮಾಡಿ ಮೊರಿತಮ್ಮನ ಬಾಗಿಲಿಗೂ ಸಮೃದ್ಧವಾಗಿ ಚಿಮುಕಿಸಿ ಒಳಗೆ ಬಂದೆ.

ಕಾಫಿ ಸೋಸುವಷ್ಟರಲ್ಲಿ ನೀರು ಗಾಜಾಗಿತ್ತು.

ಕಿಟಕಿಯಿಂದ ನೋಡುತ್ತೇನೆ, ಮೊರಿತಮ್ಮ ಕಸದ ಚೀಲ ಹಿಡಿದು ಹೊರಬಂದರು. ಕಾಲಿಟ್ಟರು. ಆಮೇಲೆ ಕಾಲೇ ಅವರನ್ನು ಕರೆದುಕೊಂಡು ಹೋಯಿತು. ಗೇಟಿನ ಕಂಬ ಸಿಕ್ಕಿತು, ತಬ್ಬಿಕೊಂಡರು. ನಾನು ಓಡಿಹೋಗಿ ಹಿಡಿಯಲು ನೋಡಿದೆ. ನಾನೂ ಜಾರಿ ಅದೇ ಕಂಬವನ್ನು ಆ ಕಡೆಯಿಂದ ತಬ್ಬಿಕೊಂಡೆ. ಹೀಗೆ ನಾವಿಬ್ಬರೂ ಮೊದಲ ಸಲ ಇಷ್ಟು ಹತ್ತಿರದಿಂದ ಮುಖ ನೋಡಿಕೊಂಡೆವು. ಅವರು ತಲೆ ಬಗ್ಗಿಸಿ ಶುಭೋದಯ ಹೇಳಿದರು, ಕಂಬವನ್ನು ಬಿಡದೆ.

ಮರುದಿನ ನಮ್ಮ ಬಾಗಿಲಲ್ಲಿ ಒಂದು ಮರಳಿನ ಚೀಲ ಇತ್ತು. ಮೇಲೊಂದು ಚಿತ್ರ: ಬಕೆಟ್ಟು, ಅದರ ಮೇಲೆ ಕತ್ತರಿ ಗುರುತು.

"ಹೋಯ್ತು" ಅಂದೆ ನಮ್ಮವರಿಗೆ. "ಮೊದಲನೇ ತಿಂಗಳಲ್ಲೇ ಒಡತಿಯನ್ನ ಬೀಳಿಸಿದೆ. ಮೂರನೇ ತಿಂಗಳಿಗೆ ನನ್ನ ಸೂಟ್‌ಕೇಸ್ ತೆಗೆದಿಡ್ರಿ."

"ಬೀಳ್ಲಿಲ್ಲಲ್ಲ, ಜಾರಿದ್ರು ಅಷ್ಟೇ" ಅಂದರು ನಮ್ಮವರು. "ಏನಾದ್ರೂ ಮಾಡಿ ಹಾಕು. ನಿನ್ನ ಕೈ ಇಡ್ಲಿ ತಿಂದೋರು ಯಾರೂ ನಿನ್ನ ಮೇಲೆ ಸಿಟ್ಟು ಇಟ್ಕೊಂಡಿಲ್ಲ."

ಮದುವೆಯಾದ ಇಷ್ಟು ವರ್ಷದಲ್ಲಿ ಅವರು ನನ್ನ ಅಡುಗೆಗೆ ಹೇಳಿದ ಒಳ್ಳೆಯ ಮಾತು ಅದೊಂದೇ. ಅದೇ ನನ್ನನ್ನು ಹಾಳು ಮಾಡಿತು.

ಇಡ್ಲಿ ಮಾಡಿ ಬಡಿಸುವುದು, ಮೊರಿತಮ್ಮನ ಮನಸ್ಸು ಗೆಲ್ಲುವುದು, ವರ್ಷ ಪೂರ್ತಿ ಉಳಿಯುವುದು ಎಂದು ನಿಶ್ಚಯವಾಯಿತು. ಇಡ್ಲಿ ರವೆ, ಉದ್ದಿನಬೇಳೆ ಊರಿಂದಲೇ ತಂದಿದ್ದೆ. ರುಬ್ಬಿಟ್ಟೆ. ಬೆಳಿಗ್ಗೆ ನೋಡಿದರೆ ಹಿಟ್ಟು ಇಟ್ಟಲ್ಲಿ ಇಟ್ಟ ಹಾಗೇ ಇತ್ತು. ಎರಡು ದಿನ ಬಿಟ್ಟರೂ ಒಂದು ಗುಳ್ಳೆ ಇಲ್ಲ. ಆ ಮನೆಯೊಳಗಿನ ಚಳಿಗೆ ನಾನೇ ಮುದುರಿಕೊಂಡಿದ್ದೆ, ಹಿಟ್ಟು ಉಬ್ಬುವುದೆಲ್ಲಿಂದ?

ಸೊರಬದ ಅಕ್ಕನಿಗೆ ವಿಡಿಯೋ ಕಾಲ್ ಮಾಡಿದೆ. ನನ್ನ ಅಕ್ಕ ಪಾರ್ವತಕ್ಕನದು ಬಸ್ ಸ್ಟ್ಯಾಂಡ್ ಹತ್ತಿರ ಕಿರಾಣಿ ಅಂಗಡಿ. ತೂಕ ಹಾಕುತ್ತಲೇ ಲೋಕಕ್ಕೆಲ್ಲ ಸಲಹೆ ಕೊಡುತ್ತಾಳೆ.

"ಬೆಚ್ಚಗಿನ ಜಾಗದಲ್ಲಿ ಇಡು ಮಾರಾಯ್ತಿ. ಅದಕ್ಕೆಂತ ಜಪಾನಿಂದ ಫೋನ್ ಮಾಡದು?"

"ಬೆಚ್ಚಗಿನ ಜಾಗ ಎಲ್ಲಿದೆ ಅಕ್ಕ ಇಲ್ಲಿ?"

"ಹುಡುಕು. ಮನೆ ಅಂದಮೇಲೆ ಒಂದಾದ್ರೂ ಇರ್ತದೆ."

ಹುಡುಕಿದೆ. ಮೊದಲು ಹಿಟ್ಟಿನ ಪಾತ್ರೆಯನ್ನು ಅನ್ನದ ಕುಕ್ಕರ್ ಮೇಲೆ ಕೂರಿಸಿದೆ. ತಳ ಬೆಂದಿತು, ಮೇಲೆ ಹಾಗೇ ಉಳಿಯಿತು. ಆಮೇಲೆ ಹಾಸಿಗೆಯೊಳಗೆ ನಮ್ಮಿಬ್ಬರ ನಡುವೆ ಮಲಗಿಸಿದೆ. ನಮ್ಮವರು ಒಂದು ರಾತ್ರಿ ಸಹಿಸಿಕೊಂಡು, ಬೆಳಿಗ್ಗೆ ಎದ್ದವರು ಗಂಭೀರವಾಗಿ ಹೇಳಿದರು.

"ಈ ಮನೇಲಿ ಸದಾ ಬೆಚ್ಚಗಿರೋ ಜಾಗ ಒಂದೇ ಒಂದು. ಪಾಯಖಾನೆ ಸೀಟು. ಕರೆಂಟಿನಿಂದ ಬಿಸಿ ಮಾಡಿಟ್ಟಿರ್ತಾರೆ ನೋಡು."

ನಾನು ಅವರನ್ನು ನೋಡಿದ ನೋಟಕ್ಕೆ ಅವರು ಸಾಕ್ಸ್ ಹುಡುಕುವ ನೆಪದಲ್ಲಿ ಬೇರೆ ಕೋಣೆಗೆ ಹೋದರು. ಆ ದಿನ ಅವರಿಗೆ ಬುತ್ತಿಗೆ ಬರೀ ಮೊಸರನ್ನ.

ಉಳಿದದ್ದು ಕೊತಾತ್ಸು. ಅದೊಂದು ಗಿಡ್ಡ ಮೇಜು. ಹಲಗೆಯ ಅಡಿಗೆ ಕರೆಂಟಿನ ಹೀಟರ್, ನಾಲ್ಕೂ ಕಡೆ ನೆಲದ ತನಕ ಇಳಿಬಿದ್ದ ದಪ್ಪ ಹೊದಿಕೆ. ನಮ್ಮ ಕೌದಿಯನ್ನೇ ಮೇಜಿಗೆ ಹೊದಿಸಿದ ಹಾಗೆ. ಚಳಿಗಾಲದಲ್ಲಿ ಮನೆಯವರೆಲ್ಲ ಸುತ್ತ ಕೂತು ಕೌದಿಯೊಳಗೆ ಕಾಲು ತೂರಿಸಿಕೊಂಡು ಅಲ್ಲೇ ಉಣ್ಣುತ್ತಾರೆ, ಟಿವಿ ನೋಡುತ್ತಾರೆ, ತೂಕಡಿಸುತ್ತಾರೆ. ಅದನ್ನೂ ಮೊರಿತಮ್ಮನೇ ಕೊಟ್ಟಿದ್ದರು. ಅದರೊಳಗೆ ಒಂದು ಸಣ್ಣ ಡಬ್ಬಿಯಲ್ಲಿ ಹಿಟ್ಟಿಟ್ಟು ನೋಡಿದೆ. ಬೆಳಿಗ್ಗೆಗೆ ಹಿಟ್ಟು ಮುಚ್ಚಳ ಎತ್ತಿಕೊಂಡು ನನ್ನನ್ನೇ ನೋಡುತ್ತಿತ್ತು. ಆ ಇಡ್ಲಿ ತಿಂದು ನಮ್ಮವರು ಮತ್ತೆರಡು ಹಾಕಿಸಿಕೊಂಡರು.

ನನ್ನ ಆತ್ಮವಿಶ್ವಾಸ ವಾಪಸು ಬಂದದ್ದು ಆವಾಗ. ವಾಪಸು ಬರುವಾಗ ಹೋದದ್ದಕ್ಕಿಂತ ದಪ್ಪಗಾಗಿ ಬಂತು.

ಮೂರನೇ ತಿಂಗಳ ಕೊನೆಯ ಭಾನುವಾರ ಮೊರಿತಮ್ಮ ತಮ್ಮ ತೀರ್ಮಾನ ಹೇಳಬೇಕಿತ್ತು. ನಾವು ಅದೇ ದಿನ ಮಧ್ಯಾಹ್ನ ಹನ್ನೆರಡಕ್ಕೆ ಊಟಕ್ಕೆ ಕರೆದೆವು. ಶನಿವಾರ ಸಂಜೆ ದೊಡ್ಡ ಬೋಗುಣಿ ತೆಗೆದೆ.

"ಕಮ್ಮಿ ಬೀಳಬಾರ್ದು ನೋಡು, ಅಷ್ಟು ದೂರದ ದೇಶದಲ್ಲಿ ಮರ್ಯಾದೆ ಪ್ರಶ್ನೆ" ಅಂತ ಅಕ್ಕ ಸೊರಬದಿಂದ ಎಚ್ಚರಿಸಿದ್ದಳು. ಅದಕ್ಕೇ ಬೋಗುಣಿ ಮುಕ್ಕಾಲು ತುಂಬ ರುಬ್ಬಿ, ತಟ್ಟೆ ಮುಚ್ಚಿ, ಕೊತಾತ್ಸುವಿನೊಳಗೆ ತಳ್ಳಿದೆ.

ಬೆಳಿಗ್ಗೆ ನೋಡಿದರೆ ಹಿಟ್ಟು ತಣ್ಣಗೆ ಮಲಗಿತ್ತು. ನಮ್ಮವರು ಶಿಸ್ತಿನ ಮನುಷ್ಯ. ಈ ಸಲ ನನಗಿಂತ ತಡವಾಗಿ ಮಲಗಿದವರು ಸ್ವಿಚ್ ಆರಿಸಿದ್ದಾರೆ! ಬೈದು ಪ್ರಯೋಜನವಿಲ್ಲ. ಅವರಿಗೆ ಹೇಳದೆ ಹೀಟರನ್ನು ಪೂರ್ತಿ ಏರಿಸಿ, ಚಟ್ನಿ ಕೆಲಸಕ್ಕೆ ಹೋದೆ. ಹನ್ನೆರಡಕ್ಕೆ ಕರೆದಿದ್ದೇವೆ ಅಂದರೆ ಒಂದು ಗಂಟೆಗೆ ಬರುತ್ತಾರೆ. ಅಷ್ಟರಲ್ಲಿ ಉಬ್ಬುತ್ತದೆ. ನಮ್ಮ ಶಿಕಾರಿಪುರದಲ್ಲಿ ಹನ್ನೆರಡಕ್ಕೆ ಬನ್ನಿ ಅಂದರೆ ಒಂದಕ್ಕೆ ಬರುವವರು ಸಭ್ಯರು. ಹನ್ನೆರಡಕ್ಕೇ ಬರುವವರು ಹಸಿದವರು.

ಅಕ್ಕನಿಗೆ ವಿಡಿಯೋ ಕಾಲ್ ಹಚ್ಚಿ, ಫೋನನ್ನು ಕೋಣೆಯ ಕಪಾಟಿಗೆ ಒರಗಿಸಿ ನಿಲ್ಲಿಸಿದ್ದೆ. ಅಲ್ಲಿ ಇನ್ನೂ ಬೆಳಿಗ್ಗೆ. ಅಕ್ಕ ಅಂಗಡಿ ತೆರೆದು ಕೂತಿದ್ದಳು. ನಾನು ಜಡೆ ಹೆಣೆದುಕೊಳ್ಳುತ್ತಾ ಅವಳ ಹತ್ತಿರ ಮಾತಾಡುತ್ತಿದ್ದೆ. ಗಡಿಯಾರದ ಎರಡೂ ಮುಳ್ಳು ಒಂದಾದವು. ಕರೆಗಂಟೆ ಸದ್ದಾಯಿತು.

ಬಾಗಿಲಲ್ಲಿ ಮೊರಿತಮ್ಮ. ಒಳ್ಳೆಯ ಬಟ್ಟೆ ಉಟ್ಟು, ಕೈಯಲ್ಲಿ ಬಟ್ಟೆ ಸುತ್ತಿದ ಉಡುಗೊರೆ ಹಿಡಿದು. ನಾನು ಅರ್ಧ ಜಡೆಯಲ್ಲಿ. ಅವಸರದಲ್ಲಿ ನನ್ನ ತಲೆಯೊಳಗೆ ಇದ್ದಬದ್ದದ್ದೆಲ್ಲ ಹೊರಟುಹೋಗಿ, ಅತಿಥಿ ಬಂದಿದ್ದಾರೆ ಎಂಬುದೊಂದೇ ಉಳಿಯಿತು.

ಅವರು ಒಳಗೆ ಬಂದು ಗೋಡೆ ಪಕ್ಕ ಮೊಣಕಾಲು ಮಡಚಿ ಕೂರಲು ಹೋದರು. ಅವರಿಗೆ ಮೊಣಕಾಲು ನೋವು ಅಂತ ನನಗೆ ಗೊತ್ತು. ಅದಕ್ಕೆ ನನ್ನ ಬಕೆಟ್ಟೂ ಸ್ವಲ್ಪ ಕಾರಣ. "ಅಲ್ಲಿ ಬೇಡ, ಇಲ್ಲಿ, ಇಲ್ಲಿ" ಅಂತ ಕೊತಾತ್ಸು ತೋರಿಸಿದೆ. ಅವರು ಬೇಡ ಬೇಡ ಅಂತ ಕೈಯಾಡಿಸಿದರು. ನಮ್ಮಲ್ಲಿ ಅತಿಥಿಯ ಮೊದಲನೇ ಬೇಡ ಲೆಕ್ಕಕ್ಕಿಲ್ಲ. ಎರಡನೆಯದೂ ಇಲ್ಲ. ಮೂರನೇ ಸಲಕ್ಕೆ ನಾನು ಅವರ ತೋಳು ಹಿಡಿದು ಕೂರಿಸಿ, ಅವರ ಮುಖವನ್ನೇ ನೋಡುತ್ತಾ, ನನ್ನ ಸ್ವಂತ ಕೈಯಿಂದ ಕೌದಿಯ ಅಂಚು ಎತ್ತಿ ಹಿಡಿದೆ.

ಮೊರಿತಮ್ಮ ಕಾಲು ಒಳಗೆ ಚಾಚಿದರು.

ಅವರ ಹುಬ್ಬು ಒಂದು ಕ್ಷಣ ಮೇಲೆ ಹೋಗಿ ಕೆಳಗೆ ಬಂತು. ಆಮೇಲೆ ಮೆಲ್ಲಗೆ ಏನೋ ಅಂದರು.

"ಬೆಚ್ಚಗಿದೆ ಅಂತಾರೆ" ಅಂದರು ನಮ್ಮವರು ಹೆಮ್ಮೆಯಿಂದ, ಎದುರಿಗೆ ಚಕ್ಕಂಬಕ್ಕಲ ಹಾಕಿ ಕೂರುತ್ತಾ. ನನಗೆ ಹೊಟ್ಟೆ ತಣ್ಣಗಾಯಿತು.

ಕಪಾಟಿಗೆ ಒರಗಿದ ಫೋನಿನೊಳಗಿಂದ ಅಕ್ಕ ಕೈ ಮುಗಿದಳು. "ನಮಸ್ಕಾರ ಅಮ್ಮ, ಊಟ ಮಾಡ್ಕಂಡು ನಿಧಾನ ಹೋಗಿ" ಅಂದಳು. ಮೊರಿತಮ್ಮ ಫೋನಿಗೆ ತಲೆ ಬಗ್ಗಿಸಿದರು. ಅಕ್ಕನ ಹಿಂದೆ ಸಾಮಾನಿಗೆ ಬಂದ ಗಿರಾಕಿಗಳೂ ಕತ್ತು ಚಾಚಿ ನೋಡುತ್ತಿದ್ದರು.

"ಹಿಟ್ಟು ಹೆಂಗೆ ಬಂತೇ?" ಅಂದಳು ಅಕ್ಕ. "ತೋರ್ಸು ನೋಡನ."

ನಾನು ಅಡುಗೆಮನೆ ಕಡೆ ತಿರುಗಿದೆ. ಎರಡು ಹೆಜ್ಜೆ ಇಟ್ಟೆ. ನಿಂತೆ.

ನಮ್ಮವರು ನನ್ನ ಮುಖ ನೋಡಿದರು. ಯಂತ್ರ ನಿಂತ ಸದ್ದು ಅವರಿಗೆ ತಕ್ಷಣ ತಿಳಿಯುತ್ತದೆ.

"ಏನಾತು?"

"ನಗ್ತಾ ಇರಿ" ಅಂದೆ, ನಗುತ್ತಾ, ಅತಿಥಿಗೆ ಉಪಚಾರ ಹೇಳುವ ದನಿಯಲ್ಲಿ. "ಹಿಟ್ಟು ಒಳಗಿಲ್ಲ ರೀ. ಅಲ್ಲೇ ಇದೆ."

"ಅಲ್ಲೇ ಅಂದ್ರೆ?"

"ನೀವು ಕೂತಿರೋ ಕಡೆ. ಕೌದಿಯೊಳಗೆ."

ಅವರೂ ನಗು ಬಿಡಲಿಲ್ಲ. ಮೊರಿತಮ್ಮನಿಗೆ ಚಹಾ ತಗೊಳ್ಳಿ ಅಂತ ಕೈಸನ್ನೆ ಮಾಡುತ್ತಾ, ಕೌದಿಯೊಳಗೆ ಮೆಲ್ಲಗೆ ಒಂದು ಕಾಲು ಚಾಚಿ ತಡಕಿದರು.

"ಬೋಗುಣಿ ಸಿಕ್ತು" ಅಂದರು.

"ಮುಚ್ಚಿದ ತಟ್ಟೆ?"

"ಅದು ನನ್ನ ಹಿಮ್ಮಡಿ ಹತ್ರ ಇದೆ."

"ಹಿಟ್ಟು?"

"ಹಿಟ್ಟು ಎಲ್ಲಾ ಕಡೆ ಇದೆ."

"ಅವರ ಕಾಲು?"

"ಅದೂ ಅದರಲ್ಲೇ ಇದೆ."

ನಾನು ಮೊರಿತಮ್ಮನನ್ನು ನೋಡಿದೆ. ಅವರು ಬೆನ್ನು ನೆಟ್ಟಗೆ ಮಾಡಿ ಕೂತು, ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಚಹಾ ಕುಡಿಯುತ್ತಿದ್ದರು. ಮುಖದಲ್ಲಿ ಒಂದು ಗೆರೆ ಬದಲಾಗಿರಲಿಲ್ಲ. ಕಿಟಕಿಯ ಹೊರಗೆ ನೋಡಿ ಹಿಮದ ಬಗ್ಗೆ ಏನೋ ಒಳ್ಳೆಯ ಮಾತು ಹೇಳಿದರು. ನಾವಿಬ್ಬರೂ ಹಿಮವನ್ನು ಮೆಚ್ಚಿಕೊಂಡೆವು.

"ಎಂತಕೆ ಇಬ್ರೂ ಫೋಟೋಕ್ಕೆ ಕೂತಂಗೆ ನಗ್ತಾ ಇದೀರಿ?" ಅಂದಳು ಅಕ್ಕ.

ಬಟ್ಟಲು ಖಾಲಿಯಾಯಿತು, ನಾನು ತುಂಬಿಸಿದೆ. ಮತ್ತೆ ಖಾಲಿಯಾಯಿತು, ಮತ್ತೆ ತುಂಬಿಸಿದೆ. ಚಹಾ ಇರುವಷ್ಟು ಹೊತ್ತು ಅವರು ಏಳುವುದಿಲ್ಲ, ಅವರು ಏಳದಿರುವಷ್ಟು ಹೊತ್ತು ಏನೂ ಆಗಿಲ್ಲ. ಇದು ನನ್ನ ಲೆಕ್ಕ. ಅವರ ಲೆಕ್ಕ ಆಮೇಲೆ ತಿಳಿಯಿತು. ಎದ್ದರೆ ಮನೆಯವರಿಗೆ ಅವಮಾನವಾಗುತ್ತದೆ, ಅವರಾಗಿ ಹೇಳುವ ತನಕ ಕೂತಿರೋಣ ಅಂತ ಅವರು ಕೂತಿದ್ದರಂತೆ. ಹೀಗೆ ಒಂದೇ ಬೋಗುಣಿಯ ಸುತ್ತ ಮೂರು ಜನ ಸೇರಿ ನನ್ನೊಬ್ಬಳ ಮರ್ಯಾದೆಯನ್ನು ಕಾಯುತ್ತಿದ್ದೆವು.

ಹಿಟ್ಟಿಗೆ ಮಾತ್ರ ಆ ದಾಕ್ಷಿಣ್ಯ ಇರಲಿಲ್ಲ. ಹೀಟರ್ ಇನ್ನೂ ಉರಿಯುತ್ತಲೇ ಇತ್ತಲ್ಲ.

"ಏ ಗಿರಿಜಾ" ಅಂದಳು ಅಕ್ಕ ಸೊರಬದಿಂದ, ಇಡೀ ಅಂಗಡಿಗೆ ಕೇಳುವ ಹಾಗೆ. "ನಿಮ್ಮ ಮೇಜಿನ ಕೆಳಗಿಂದ ಎಂತದೋ ಬೆಳ್ಳಗೆ ಹೊರಗೆ ಬರ್ತಾ ಇದ್ಯಲೇ! ಅದೆಂತ ಮಾರಾಯ್ತಿ, ಹಿಟ್ಟನ?"

ಕೌದಿಯ ಅಂಚಿನಿಂದ ಹಿಟ್ಟು ನಾಲ್ಕು ಬೆರಳು ಅಗಲ ಈಚೆ ಬಂದು, ಗುಳ್ಳೆ ಬಿಡುತ್ತಾ, ತತಾಮಿಯ ಮೇಲೆ ದಾರಿ ಹುಡುಕುತ್ತಿತ್ತು. ಮೊರಿತಮ್ಮ ಅದನ್ನು ನೋಡಿದರು. ನಾನು ಅವರು ನೋಡಿದ್ದನ್ನು ನೋಡಿದೆ. ನನ್ನ ಕಣ್ಣಿಗೆ ಶಿಕಾರಿಪುರದ ಬಸ್ ಸ್ಟ್ಯಾಂಡು, ಸೂಟ್‌ಕೇಸು, ಕಟ್ಟೆಯ ಮೇಲೆ ಕಾಯುತ್ತಿದ್ದ ಕಮಲಮ್ಮ ಸಾಲಾಗಿ ಬಂದುಹೋದರು.

ನಮ್ಮವರು ಎದ್ದು ಮಂಡಿಯೂರಿ, ಹಣೆ ಮೇಜಿಗೆ ತಾಗುವ ಹಾಗೆ ಬಗ್ಗಿದರು. ತಮಗೆ ಬರುತ್ತಿದ್ದ ಜಪಾನಿಯಲ್ಲಿ, ಕಾರ್ಖಾನೆಯಲ್ಲಿ ಮೇಲ್ವಿಚಾರಕರ ಮುಂದೆ ಹೇಳುವ ಹಾಗೇ ಗಟ್ಟಿಯಾಗಿ ಹೇಳಿದರು. ಆಮೇಲೆ ನನಗೆ ಅದರ ಕನ್ನಡವನ್ನೂ ತಿಳಿಸಿದರು.

"ಸೋರಿಕೆ ಕಂಡುಬಂದಿದೆ. ಈಗಲೇ ನಿಲ್ಲಿಸುತ್ತೇವೆ. ಕಾರಣ ಪತ್ತೆಯಾಗಿದೆ. ಕಾರಣ ನನ್ನ ಹೆಂಡತಿ. ಮುಂದೆ ಹೀಗಾಗದಂತೆ ಪ್ರತಿದಿನ ತಪಾಸಣೆ ಮಾಡುತ್ತೇವೆ."

ಮೊರಿತಮ್ಮ ಬಟ್ಟಲು ಕೆಳಗಿಟ್ಟರು. ನಿಧಾನವಾಗಿ ಕಾಲು ಹೊರಗೆ ತೆಗೆದರು. ಕಪ್ಪು ಕಾಲುಚೀಲ ಪಾದದ ಗಂಟಿನ ತನಕ ಬಿಳಿಯಾಗಿತ್ತು. ಒಂದು ಬೆರಳಿನಿಂದ ಅದನ್ನು ಮುಟ್ಟಿ ಮೂಸಿ ನೋಡಿದರು. ಕೌದಿ ಎತ್ತಿ ಒಳಗೆ ಇಣುಕಿದರು. ಆಮೇಲೆ ಕೈಯಿಂದ ಬಾಯಿ ಮುಚ್ಚಿಕೊಂಡರು, ಭುಜ ಅಲುಗಾಡತೊಡಗಿತು.

"ಅಳ್ತಿದಾರೆ ರೀ" ಅಂದೆ.

"ಇಲ್ಲ" ಅಂದರು ನಮ್ಮವರು, ಹಣೆ ಎತ್ತಿ ನೋಡಿ. "ನಗ್ತಿದಾರೆ."

ಮೂರು ತಿಂಗಳಲ್ಲಿ ಅವರ ನಗುವನ್ನು ನಾನು ಕೇಳಿರಲಿಲ್ಲ. ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಳ್ಳುತ್ತಾ ಉದ್ದಕ್ಕೆ ಏನೋ ಹೇಳಿದರು. ನಮ್ಮವರು ಕೈಲಾದಷ್ಟು ಅನುವಾದ ಮಾಡಿದರು.

"ಇವರಿಗೆ ಮದುವೆಯಾದ ಹೊಸದು… ಅತ್ತೆ… ಅಕ್ಕಿಯಿಂದ ಎಂಥದೋ ಸಿಹಿ ಪಾನೀಯ ಮಾಡ್ತಾರಂತೆ… ಅದು ಹುದುಗಬೇಕು… ಟ್ಯಾಂಕನ್ನ ಕೊತಾತ್ಸು ಒಳಗೆ ಇಟ್ಟಿದ್ರಂತೆ… ಇವರಿಗೆ ಗೊತ್ತಿಲ್ಲ… ಕಾಲು ಹಾಕಿದ್ರು… ಪೂರ್ತಿ ಲೀಕ್."

"ಅತ್ತೆ ಏನಂದ್ರಂತೆ?"

ನಮ್ಮವರು ಕೇಳಿದರು. ಮೊರಿತಮ್ಮ ಎದೆಯ ಮುಂದೆ ಎರಡೂ ಕೈ ಅಡ್ಡ ಹಿಡಿದು ಕತ್ತರಿ ಮಾಡಿ ತೋರಿಸಿದರು. ಅದಕ್ಕೆ ಅನುವಾದ ಬೇಕಾಗಲಿಲ್ಲ. ಆ ಕತ್ತರಿ ಅವರಿಗೆ ಎಲ್ಲಿಂದ ಬಂದದ್ದು ಅಂತ ನನಗೆ ಆಗ ತಿಳಿಯಿತು.

ಆ ದಿನ ಇಡ್ಲಿ ಆಗಲಿಲ್ಲ. ಉಪ್ಪಿಟ್ಟು ಆಯಿತು. ಮೊರಿತಮ್ಮ ನನ್ನ ಉಣ್ಣೆಯ ಕಾಲುಚೀಲ ಹಾಕಿಕೊಂಡು, ಇಡ್ಲಿಗೆಂದು ಮಾಡಿದ ಚಟ್ನಿಯನ್ನು ಉಪ್ಪಿಟ್ಟಿಗೆ ಹಚ್ಚಿಕೊಂಡು ಉಂಡರು. ಚೆನ್ನಾಗಿದೆ ಅಂದರು. ಹಿಟ್ಟಿನಲ್ಲಿ ಕಾಲಿಟ್ಟುಕೊಂಡು ಬೆಚ್ಚಗಿದೆ ಅಂದವರು ಅವರು, ಅದನ್ನು ನಾನು ಹೆಚ್ಚು ನಂಬಲು ಹೋಗಲಿಲ್ಲ. ಊಟವಾದ ಮೇಲೆ ಮೂವರೂ ಸೇರಿ ನೆಲ ಒರೆಸಿದೆವು. ಎಷ್ಟು ಒರೆಸಿದರೂ ಎರಡು ಹಾಸು ಹುಳಿ ವಾಸನೆ ಬಿಡಲಿಲ್ಲ. ಅವನ್ನು ಎತ್ತಿ ಬಿಸಿಲಿಗೆ ಹಾಕಿದೆವು. ಇಡೀ ಬೀದಿಗೆ ನಮ್ಮ ಶಿಕಾರಿಪುರದ ಹೋಟೆಲಿನ ವಾಸನೆ ಬಂತು.

ಹೋಗುವ ಮುಂಚೆ ಬಾಗಿಲಲ್ಲಿ ನಿಂತು ಮೊರಿತಮ್ಮ ತೀರ್ಮಾನ ಹೇಳಿದರು. ವರ್ಷ ಪೂರ್ತಿ ಇರಬಹುದು. ಆದರೆ ಕೊತಾತ್ಸು ತಮ್ಮ ಮನೆಗೆ.

ನಮ್ಮವರೇ ಅದನ್ನು ಹೊತ್ತು ಅವರ ಮನೆಗೆ ಮುಟ್ಟಿಸಿದರು. ಚಳಿ ಇನ್ನೂ ಬಹಳ ಇತ್ತು. ಮೊದಲನೇ ಸಂಜೆ ನಾವು ಎರಡೆರಡು ಸ್ವೆಟರ್ ಹಾಕಿಕೊಂಡು ಮುಖ ಮುಖ ನೋಡುತ್ತಾ ಕೂತೆವು. ಎರಡನೇ ಸಂಜೆ ಮೊರಿತಮ್ಮ ಗೋಡೆ ಬಡಿದು ಕರೆದರು. ಹೋದೆ. ಅವರು ಕೌದಿಯನ್ನು ಪೂರ್ತಿ ಮೇಲೆತ್ತಿ, ಒಳಗೆ ಏನೂ ಇಲ್ಲ ಅಂತ ನನಗೆ ತೋರಿಸಿ, ಆಮೇಲೆ ಕೂರಿಸಿದರು. ಅಂದಿನಿಂದ ದಿನಾ ಸಂಜೆ ಅಲ್ಲೇ. ಅವರು ಅವರ ಭಾಷೆಯಲ್ಲಿ ಅತ್ತೆಯನ್ನು ಬೈಯುತ್ತಿದ್ದರು, ನಾನು ನನ್ನ ಭಾಷೆಯಲ್ಲಿ ಹೂಂಗುಟ್ಟುತ್ತಿದ್ದೆ. ಅತ್ತೆಯ ವಿಷಯ ಎಂಬುದು ದನಿಯಲ್ಲೇ ಗೊತ್ತಾಗುತ್ತದೆ. ಆದರೆ ಆ ವರ್ಷದಲ್ಲಿ ಒಂದು ಸಂಜೆಯೂ ಅವರು ಕೌದಿ ಎತ್ತಿ ತೋರಿಸದೆ ನನ್ನನ್ನು ಕೂರಿಸಲಿಲ್ಲ.

ವರ್ಷ ತುಂಬಿತು. ಒಂದು ದಿನವೂ ಕಮ್ಮಿಯಾಗಲಿಲ್ಲ. ತಲೆಯೆತ್ತಿಕೊಂಡು ಊರಿಗೆ ಬಂದೆ.

ಬಂದವಳು ಮೊದಲು ಸೊರಬಕ್ಕೆ, ಅಕ್ಕನನ್ನು ನೋಡಲು ಹೋದೆ. ಅಂಗಡಿ ಮುಂದೆ ಶಿಕಾರಿಪುರದ ಬಸ್ಸಿಗೆ ಕಾಯುತ್ತಿದ್ದ, ಕಂಬಳಿ ಹೊದ್ದ ಒಬ್ಬ ಅಜ್ಜ ನನ್ನನ್ನೇ ದಿಟ್ಟಿಸಿ ನೋಡಿ ಅಕ್ಕನನ್ನು ಕೇಳಿದರು.

"ಹಿಟ್ಟಿನಮ್ಮ ಇವರೇನಾ?"

"ಹೌದು ಅಜ್ಜ, ಇವಳೇ" ಅಂದಳು ಅಕ್ಕ, ಸಕ್ಕರೆ ತೂಗುತ್ತಾ. "ನನ್ನ ತಂಗಿ."

ಶಿಕಾರಿಪುರಕ್ಕೆ ಬಂದ ಸಂಜೆ ಕಮಲಮ್ಮ ಮಾತಾಡಿಸಲು ಬಂದರು. ನಾನು ಅವರನ್ನು ಸೋಫಾ ಮೇಲೆ ಕೂರಿಸಿ, ಟೀಪಾಯಿ ಹತ್ತಿರ ಎಳೆದು, ಅಲ್ಲಿಂದ ತಂದ ಸಿಹಿ ಇಟ್ಟೆ. ಆಮೇಲೆ ಒಂದು ವರ್ಷದಿಂದ ನಾಲಿಗೆ ತುದಿಯಲ್ಲಿ ಇಟ್ಟುಕೊಂಡಿದ್ದ ಮಾತು ತೆಗೆದೆ.

"ವರ್ಷ ಪೂರ್ತಿ ಇದ್ದು ಬಂದೆ ನೋಡ್ರೀ ಕಮಲಮ್ಮ."

"ಗೊತ್ತು ಬಿಡ್ರೀ" ಅಂದರು ಕಮಲಮ್ಮ. ಸೆರಗು ಸರಿಮಾಡಿಕೊಂಡು, ಬಗ್ಗಿ, ಟೀಪಾಯಿ ಕೆಳಗೆ ಇಣುಕಿ ನೋಡಿದರು. ಆ ಕಡೆಯಿಂದ ಒಂದು ಸಲ, ಈ ಕಡೆಯಿಂದ ಒಂದು ಸಲ. ಏನೂ ಇಲ್ಲ ಅಂತ ಖಾತ್ರಿಯಾದ ಮೇಲೆ ಆರಾಮಾಗಿ ಕಾಲು ಚಾಚಿದರು.